ಭಾಗೀರಥಿ ಬ್ಯಾಂಕಿನ ಎಂಟು ಕಂಬ

ಕಲ್ಲಲ್ಲ ತಾಯಿ, ಕಲ್ಲಲ್ಲ. ಉಗುರಿಂದ ಕೆರೆದು ನೋಡು. ಒಳಗೆ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಕಲ್ಲಿನ ಹಾಗೆ ಕಾಣಲಿ ಅಂತ ಗೆರೆ ಎಳೆದಿದ್ದಾರೆ, ಅಷ್ಟೇ. ಇದನ್ನ ಉಳಿಸಬೇಕೋ ಬೇಡವೋ ನೋಡ್ಕೊಂಡು ಬಾ ಅಂತ ಹಳೇ ಕಟ್ಟಡಗಳ ಸಮಿತಿಯವರು ನಿನ್ನನ್ನ ಕಳಿಸಿದ್ರಾ?... ಯಾಕೆ ನಗ್ತೀಯ? ಇಡೀ ಕಲ್ಕತ್ತಾದಲ್ಲಿ ಕೆಡವೋಕೆ ಯೋಗ್ಯವಾದ ಕಟ್ಟಡ ಒಂದಿದ್ರೆ ಇದೇ.

ಬರೆದುಕೋ. ಹೇಮಪ್ರಭಾ ಸಾನ್ಯಾಲ್. ಈ ಭಾಗೀರಥಿ ಬ್ಯಾಂಕಲ್ಲಿ ದುಡ್ಡಿಟ್ಟು ಮುಳುಗಿದವರ ಮಗಳು. ಅಷ್ಟು ಸಾಕು.

ಕಟ್ಟಿಸಿದವನು ಪ್ರಮಥ ಲಾಹಿರಿ. ಕ್ಲೈವ್ ಸ್ಟ್ರೀಟಿನ ಸಾಹೇಬರ ಬ್ಯಾಂಕಿಗೆ ಆರು ಕಂಬ ಇದ್ರೆ ತನಗೆ ಎಂಟು ಬೇಕು ಅಂದನಂತೆ, ಮಹಾರಾಯ. ಒಳಗೆ ಇಟಲಿಯ ಅಮೃತಶಿಲೆ, ತಲೆ ಮೇಲೆ ಬಣ್ಣದ ಗಾಜಿನ ಗುಮ್ಮಟ. ಮೀನು ಮಾರೋ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಬರ್ತಿದ್ರು, ಗುಡಿಗೆ ಬಂದ ಹಾಗೆ. ಆ ಗುಮ್ಮಟಕ್ಕೆ ಸುರಿದದ್ದು ಯಾರ ದುಡ್ಡು? ಅವರದೇ... ಚಂದ ಇದೆ ಅಂತೀಯಾ? ಇರುತ್ತೆ ಬಿಡು. ಕಳ್ಳನ ಹೆಂಡತಿ ಮೈಮೇಲೂ ಒಡವೆ ಚಂದವೇ.

ದೇಶ ಒಡೆದ ಮರುವರ್ಷ ಮುಳುಗಿತು. ಢಾಕಾದ ಕಡೆ ಸಾಲ ಕೊಟ್ಟಿದ್ದೆಲ್ಲ ಗಡಿಯಾಚೆ ಉಳೀತು ನೋಡು. ಒಂದು ಬೆಳಿಗ್ಗೆ ಬಾಗಿಲು ತೆಗೀಲೇ ಇಲ್ಲ. ನಾನು, ಅಪ್ಪ ಇಲ್ಲೇ, ಈ ಮುಂದಿನ ಮೆಟ್ಟಿಲ ಮೇಲೆ, ಜನರ ಮಧ್ಯೆ ನಿಂತಿದ್ವಿ. ಒಬ್ಬ ವಿಧವೆ ಆ ಹಿತ್ತಾಳೆ ಬಾಗಿಲಿಗೆ ತಲೆ ಚಚ್ಚಿಕೊಳ್ತಿದ್ದಳು. ಮಗಳ ಮದುವೆಗೆ ಅಂತ ಇಟ್ಟಿದ್ದಳಂತೆ ಪಾಪ.

ಲಾಹಿರಿ ಏನು ಮಾಡಿದ ಗೊತ್ತಾ? ಕೋಟು ಬಿಚ್ಚಿ ಎಸೆದು ಗುಮಾಸ್ತನ ಧೋತಿ ಉಟ್ಟ. ಹಿಂದುಗಡೆ ಕಬ್ಬಿಣದ ಸುರುಳಿ ಮೆಟ್ಟಿಲು, ಕಸ ಗುಡಿಸೋರು ಹತ್ತಿಳಿಯೋದು. ಅದರಲ್ಲಿ ಇಳಿದ, ಹೇಡಿ. ಅರ್ಧ ಇಳಿದು ನಿಂತುಬಿಟ್ಟ. ಮುಂದುಗಡೆ ಆ ವಿಧವೆ ಬಾಗಿಲಿಗೆ ತಲೆ ಚಚ್ಚಿಕೊಳ್ಳೋದು ಅಲ್ಲಿ ತನಕ ಕೇಳ್ತಿತ್ತು. ‘ಸದ್ದು ಮಾಡಬೇಡ ಪುಟ್ಟೀ’ ಅಂದ. ಅಂಗೈಯೆಲ್ಲ ಬೆವರು, ಹಿಡಿದ ಕೈ ಜಾರಿ ಜಾರಿ ಹೋಗ್ತಿತ್ತು...

ಯಾಕೆ, ಬರೆಯೋದು ನಿಲ್ಲಿಸಿದೆ?

ಜನ ಆಡಿಕೊಂಡಿದ್ದು ಇದು. ನಾನೂ ಕೇಳಿದ್ದು, ಅಷ್ಟೇ... ಪೆನ್ನು ಯಾಕೆ ಕೆಳಗಿಟ್ಟೆ? ನನ್ನ ಮುಖ ನೋಡ್ಕೊಂಡು ಕೂತ್ರೆ ಏನು ಬಂತು? ಏನಾದ್ರೂ ಕೇಳು.

ಪೆನ್ನು ತಗೋ.

...ಕೆಡವಿ ಅಂತಲೇ ಬರಿ ತಾಯಿ. ಅಪ್ಪ ಕಾಶಿಯಲ್ಲಿ ತೀರಿಕೊಂಡ್ರು, ಯಾವುದೋ ಬೇರೆ ಹೆಸರಲ್ಲಿ. ಚಿತೆ ಮುಂದೆ ಪುರೋಹಿತರು ಹೆಸರು ಕೇಳಿದಾಗಲೂ ಲಾಹಿರಿ ಅಂತ ನಿಜ ಹೇಳೋಕೆ ಅಮ್ಮ ಬಿಡಲಿಲ್ಲ.