ಊದದ ಶಿಳ್ಳೆ

ಮಧ್ಯಾಹ್ನದಿಂದ ಮಳೆ ಬಿಟ್ಟಿರಲಿಲ್ಲ. ಅಯೋವಾದ ನವೆಂಬರ್ ಮಳೆಗೆ ಒಮ್ಮೆ ಬಂದರೆ ಹೋಗುವ ಮನಸ್ಸೇ ಇರುವುದಿಲ್ಲ. ನಾವೆಲ್ಲ ಕಾಫಿ ಹಿಡಿದು ಅಡುಗೆಮನೆಯ ಒಲೆಯ ಸುತ್ತ ಕೂತಿದ್ದೆವು. ಅಣ್ಣ ಲೊವೆಲ್ ನಾಯಿಯನ್ನು ಕರೆಯಲೆಂದು ಹಿತ್ತಲ ಬಾಗಿಲು ತೆರೆದು ಶಿಳ್ಳೆಗೆ ತುಟಿ ಚೂಪು ಮಾಡಿದ್ದೇ ತಡ, ಬೊರ್ಗಿಲ್ಡಜ್ಜಿ ಹೆಣಿಗೆಯ ಕಡ್ಡಿಯಲ್ಲಿ ಅವನ ಕೈಗೆ ಒಂದು ಕೊಟ್ಟರು. ನಮ್ಮಜ್ಜನ ತಂಗಿ ಅವರು, ಮದುವೆಯಾಗದೆ ಈ ಮನೆಯಲ್ಲೇ ಉಳಿದವರು. ಇಲ್ಲಿ ಶಿಳ್ಳೆ ಹಾಕಬಾರದೆಂದು ಚಿಕ್ಕಂದಿನಿಂದ ಕೇಳಿದ್ದೆ. ಯಾಕೆಂದು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ. ಅಂದು ಅವರೇ ಶುರು ಮಾಡಿದರು.

"ಕೂತ್ಕೋ ಲೊವೆಲ್. ಹಸಿವಾದ್ರೆ ನಾಯಿ ತಾನೇ ಬರುತ್ತೆ, ನಿನ್ನ ಥರಾನೇ.

"ಯುದ್ಧಕ್ಕೆ ಮುಂಚಿನ ಮಾತು. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷ ಆಡಿದ್ದೆಲ್ಲ ಸೋತಿತ್ತು ಕಣ್ರೋ. ಕೋಚು ಬೈಬಲ್ ಪಾಠ ಹೇಳೋ ಪಾದ್ರಿ. ಪ್ರಾರ್ಥನೆ ಸಾಕು ಪಾದ್ರಿಗಳೇ, ಇನ್ನಿಬ್ಬರು ದಪ್ಪ ಹುಡುಗರನ್ನ ಕೊಡಿ ಅಂತ ಹುಡುಗರು ರೇಗಿಸೋರು. ಚೆಂಡು ಅಪ್ಪಿಕೊಂಡು ಓಡೋನು ನಿಮ್ಮಜ್ಜ ಆರ್ನೆ. ಮುಂದೆ ಓಡಿ, ಅಡ್ಡ ಬಂದವರನ್ನ ಗುದ್ದಿ ಅವನಿಗೆ ದಾರಿ ಬಿಡಿಸೋನು ಐನಾರ್. ಐನಾರ್ ಯಾರು ಅಂತ ನಿಮಗೆಲ್ಲಿ ಗೊತ್ತು... 'ನಿನಗೊಂದು ಮಾತು ಹೇಳ್ಬೇಕು ಬೊರ್ಗಿಲ್ಡ್' ಅಂದಿದ್ದ. ಈಗ್ಲೇ ಹೇಳು ಅಂದೆ. 'ಒಂದಾದ್ರೂ ಆಟ ಗೆಲ್ಲೋಣ. ಸೋತ ಮುಖ ಇಟ್ಕೊಂಡು ಹೇಳೋ ಮಾತಲ್ಲ ಅದು' ಅಂದ. ಅಕ್ಟೋಬರಿನಲ್ಲಿ ನ್ಯುಮೋನಿಯಾ ಬಂತು. ಎದೆಗೆ ಕರ್ಪೂರದೆಣ್ಣೆ ತಿಕ್ಕಿದ್ದೇ ತಿಕ್ಕಿದ್ದು... ಹೋಗ್ಬಿಟ್ಟ.

"ಕೊನೇ ಆಟದ ದಿನ ಹೀಗೇ ಮಳೆ. ಕೆಸರಲ್ಲಿ ನಮ್ಮವರು ಯಾರು, ಎದುರಿನವರು ಯಾರು, ಒಂದೂ ತಿಳೀತಿರಲಿಲ್ಲ. ಆಟ ಇನ್ನೇನು ಮುಗೀಬೇಕು, ನಮ್ಮವನೊಬ್ಬನ ಕಾಲು ಮುರೀತು. ಬದಲಿಗೆ ಒಬ್ಬ ತಲೆ ತಗ್ಗಿಸಿಕೊಂಡು ಬಂದ. ಬೆಂಚಲ್ಲಿ ಕಂಬಳಿ ಹೊದ್ದು ಕೂತವರಲ್ಲಿ ಯಾವನೋ ಅಂದ್ಕೊಂಡ್ವಿ. ಯಾರೂ ಮಾತಾಡಿಸ್ಲಿಲ್ಲ. ಯಾಕೆ ಹೇಳಿ? ಆಗಿನ ನಿಯಮ ಹಾಗಿತ್ತು. ಬದಲಿಗೆ ಬಂದವನು ಒಂದು ಸುತ್ತು ಆಡಿ, ರೆಫರಿ ಶಿಳ್ಳೆ ಊದೋವರೆಗೂ ತುಟಿ ಬಿಚ್ಚೋ ಹಾಗಿಲ್ಲ. ಕೋಚು ಗುಟ್ಟು ಹೇಳಿ ಕಳಿಸ್ಬಿಟ್ರೆ ಅಂತ ಭಯ. ಆರ್ನೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಅವನು. ಕರ್ಪೂರದ ವಾಸನೆ ಬಂತು ಅಂತ ನಿಮ್ಮಜ್ಜ ಸಾಯೋವರೆಗೂ ಹೇಳ್ತಿದ್ದ.

"ಚೆಂಡು ಆರ್ನೆ ಕೈಗೆ ಬಂತು. ಮುಂದೆ ಅವನು ಬಾಗಿಲು ತೆಗೆದ ಹಾಗೆ ದಾರಿ ಬಿಡಿಸ್ಕೊಂಡು ಹೋದ, ಹಿಂದೆ ಆರ್ನೆ... ಗೆರೆ ದಾಟೇಬಿಟ್ಟ. ಗೆದ್ವಿ. ಜನ ಎಲ್ಲ ಆರ್ನೆ ಮೇಲೆ ಬಿದ್ರು. ಕಂಬಳಿ ಹೊದ್ದವರು ನೋಡಿದ್ರೆ ಅಷ್ಟೂ ಜನ ಬೆಂಚಲ್ಲೇ ಇದ್ರು. ಬದಲಿಗೆ ಬಂದವನು ಬೇಲಿ ಹತ್ರ, ನನ್ನ ಎದುರಿಗೆ ಬಂದು ನಿಂತ. ಮಳೆ ಮುಖದ ಕೆಸರು ತೊಳೀತು... ಐನಾರ್. ತುಟಿ ಬಿಗಿಹಿಡಿದು ಶಿಳ್ಳೆಗೆ ಕಾಯ್ತಿದಾನೆ. ರೆಫರಿ ಊದ್ತಾನೆ, ಊದ್ತಾನೆ... ಶಿಳ್ಳೆಯೊಳಗಿನ ಬೆಂಡಿನ ಗುಂಡು ನೀರು ಕುಡಿದು ಸಿಕ್ಕಿಹಾಕ್ಕೊಂಡಿತ್ತು, ಸದ್ದೇ ಇಲ್ಲ. ಕೊನೆಗೆ ಕೈ ಎತ್ತಿ ತೋರಿಸ್ದ, ಆಟ ಮುಗೀತು ಅಂತ. ಎಲ್ಲರಿಗೂ ಮುಗೀತು. ಅವನಿಗೆ?

"ನಾನು ಮನೆ ಕಡೆ ನಡೆದೆ. ಹಿಂದೇನೇ ಬಂದ."

ಒಲೆಯಲ್ಲಿ ಕಟ್ಟಿಗೆ ಕುಸಿಯಿತು. ಲೊವೆಲ್ ಮೆಲ್ಲಗೆ, "ನೀವೇ ಒಂದ್ಸಲ ಊದಬಹುದಿತ್ತಲ್ಲ ಅಜ್ಜಿ," ಅಂದ.

"ಊದಿದ್ರೆ ಹೇಳ್ತಾನೆ. ಹೇಳಿದ್ಮೇಲೆ ಇರೋಕೆ ಅವನಿಗೇನಿದೆ ಕೆಲಸ?" ಅಜ್ಜಿ ಹೆಣಿಗೆ ಮಡಿಚಿಟ್ಟರು. "ಬಾಗಿಲು ಹಾಕ್ಬೇಡ, ತೆರೆದೇ ಇರಲಿ. ನಾಯಿ ಯಾಕೆ ಒಳಗೆ ಬರ್ತಿಲ್ಲ ಅಂದ್ಕೊಂಡೆ? ನೋಡಲ್ಲಿ... ಬೇಲಿ ಹತ್ರ ಯಾರನ್ನೋ ನೋಡಿ ಹೇಗೆ ಬಾಲ ಆಡಿಸ್ತಿದೆ."