ಏಳನೇ ಬಡಿತ

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನನ್ನ ದೊಡ್ಡಪ್ಪನ ಮಗನಿಗೇ ಆದದ್ದು. ಅಣ್ಣನಿಗೆ ಕೋವಿ ರಿಪೇರಿ ಕೆಲಸ. ದೆವ್ವ ಅಂದರೆ ನಗುತ್ತಿದ್ದ ಆಸಾಮಿ. ಈಗ ನಗಲ್ಲ.

ಅವತ್ತು ರಾತ್ರಿ ಹತ್ತು ದಾಟಿತ್ತು. ಗೋಣಿತಾಟಿನಲ್ಲಿ ಸುತ್ತಿದ ಕೋವಿಯೊಂದನ್ನು ಹೆಗಲ ಮೇಲೆ ಹೊತ್ತು, ಪಾಳುಬಾವಿ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಕೋವಿ ಬೇಟೆ ಮಾಮನದು. ಮಾಮ ಅಂದರೆ ನೆಂಟನಲ್ಲ, ದೊಡ್ಡಪ್ಪನ ಹಳೇ ಸ್ನೇಹಿತ. ಒಂದು ತಿಂಗಳ ಹಿಂದೆ ಇದೇ ಕೋವಿಯ ಗುಂಡು ತಗುಲಿ ಸತ್ತಿದ್ದ. ಆಗ ಕೋವಿ ಇದ್ದದ್ದು ಅವನ ತಮ್ಮನ ಕೈಯಲ್ಲಿ.

"ನಾನು ಬೋಲ್ಟ್ ಮುಚ್ಚಿದೆ ಅಷ್ಟೇ, ಟ್ರಿಗರ್ ಮುಟ್ಟೇ ಇಲ್ಲ" ಅಂತ ತಮ್ಮ ಗೋಳಾಡಿದ. ಬೋಲ್ಟ್ ಅಂದರೆ ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಅಗುಳಿ. ಪೊಲೀಸರು ಕೈತಪ್ಪು ಅಂತ ಬರೆದುಕೊಂಡು ಕೋವಿ ವಾಪಸ್ ಕೊಟ್ಟರು. ಊರಿನವರು ಆಡಿಕೊಂಡದ್ದೇ ಬೇರೆ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಆ ಸಂಜೆ ಮಾಮನ ಹೆಂಡತಿ, ನಾವು ಅತ್ತೆ ಅಂತ ಕರೆಯೋದು, ಅಣ್ಣನನ್ನು ಕರೆಸಿ ಕೋವಿ ಕೊಟ್ಟಿದ್ದರು. "ಮೈದುನನ್ನ ಹೊಸಲು ದಾಟೋಕೆ ಬಿಟ್ಟಿಲ್ಲ ನಾನು. ಇದು ತಾನಾಗೇ ಹಾರುತ್ತಾ ನೋಡಿ ಹೇಳಪ್ಪ. ಹಾರಿದ್ರೆ ಅವನು ನಮ್ಮವನು. ಇಲ್ಲಾಂದ್ರೆ..."

ಬಾವಿ ದಾಟುವಾಗ ಕೇಳಿಸಿತು. ಬೆನ್ನ ಹಿಂದೆ... ಸರ್ರ್... ಟಕ್.

ಬೋಲ್ಟ್ ಎಳೆದು ಮುಚ್ಚಿದ ಸದ್ದು. ಅಣ್ಣನಿಗೆ ಅದು ಮನೆಯವಳ ಕೆಮ್ಮಿನಷ್ಟು ಗುರುತು. ಆದರೆ ಹೆಗಲ ಮೇಲಿದ್ದ ಕೋವಿಯ ಬೋಲ್ಟ್ ಅಲ್ಲಾಡುತ್ತಲೇ ಇರಲಿಲ್ಲ. ಮಾಮ ಸತ್ತ ದಿನ ಅವನ ತಮ್ಮ ಗಾಬರಿಯಲ್ಲಿ ಕೋವಿಯನ್ನು ಬಂಡೆಗೆ ಎಸೆದಿದ್ದ. ಬೋಲ್ಟಿನ ಹಿಡಿಕೆ ಬಾಗಿ ಕಚ್ಚಿಕೊಂಡಿತ್ತು. ಪೊಲೀಸರೂ ಎಳೆದೆಳೆದು ಸುಸ್ತಾಗಿ ಬಿಟ್ಟಿದ್ದರು.

ಅಣ್ಣ ನಿಂತ. ಸದ್ದೂ ನಿಂತಿತು. ಆಮೇಲೆ ಕಿವಿಯ ಹತ್ತಿರವೇ, ಪಿಸುದನಿಯಲ್ಲಿ...

"ಎಣಿಸಿದ್ಯೇನಪ್ಪಾ?"

ತಿರುಗಿದರೆ ಯಾರೂ ಇಲ್ಲ. ಎದ್ದೆನೋ ಬಿದ್ದೆನೋ ಅಂತ ಮನೆ ಸೇರಿದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ನಿದ್ದೆಯ ಮಾತೇ ಇಲ್ಲ, ದೀಪ ಹಾಕಿ ಕೂತ. ಕೋವಿಯನ್ನು ಬೆಂಚಿನ ವೈಸಿಗೆ ಕಚ್ಚಿಸಿ, ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಡೊಪ್... ಡೊಪ್... ಕಿರ್ರ್. ಬೋಲ್ಟ್ ಬಿಟ್ಟುಕೊಂಡಿತು. ಖಾಲಿ ತೋಟಾ ನೆಲಕ್ಕೆ ಬಿತ್ತು. ಟಿಣ್. ಮಾಮನನ್ನು ಕೊಂದ ತೋಟಾ. ಅಣ್ಣನಿಗೆ ಅದನ್ನು ಎತ್ತಿಕೊಳ್ಳಲು ಕೈ ಬರಲಿಲ್ಲ.

ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ. ಸರಿಯಾಗಿತ್ತು. ಮರದ ಹಿಡಿಯಲ್ಲಿ ಬಿರುಕು, ಅದು ಬಂಡೆಯ ಪೆಟ್ಟು. ಬಾಗಿದ ಹಿಡಿಕೆ ನೆಟ್ಟಗೆ ಮಾಡಿ ಮೂರು ಸಲ ಬೋಲ್ಟ್ ಮುಚ್ಚಿದ. ತೋಟಾ ಹಾರಿಸುವ ಪಿನ್ನು ತಾನಾಗಿ ಬೀಳಲಿಲ್ಲ. ಉಸ್ಸಪ್ಪಾ ಅಂದ. ಹಾಗಾದರೆ ಕೋವಿಯಲ್ಲಿ ದೋಷ ಇಲ್ಲ.

ಆಗ ನೆನಪಾಯಿತು, ಬಾವಿಯ ಹತ್ತಿರ ಕೇಳಿದ ಮಾತನ್ನು ಮೊದಲು ಕೇಳಿದ್ದು ಎಲ್ಲಿ ಅಂತ.

ಮೂರು ತಿಂಗಳ ಹಿಂದೆ, ಟ್ರಿಗರ್ ಹಗುರ ಮಾಡಿಕೊಡು ಅಂತ ಮಾಮ ಇದೇ ಕೋವಿ ತಂದಿದ್ದ. ಅಣ್ಣ ಪಿನ್ನು ಹಿಡಿದಿಡುವ ಟ್ರಿಗರಿನ ಕಚ್ಚಿಗೆ ಅರ ಹಾಕಿದ್ದ. ಕಚ್ಚಿಗೆ ಅರ ಮುಟ್ಟಿದರೆ, ಅದು ಜಾರುತ್ತಾ ನೋಡೋಕೆ ಬೋಲ್ಟನ್ನು ಹತ್ತು ಸಲ ಜೋರಾಗಿ ಬಡಿದು ಮುಚ್ಚಬೇಕು, ಒಂದೊಂದು ಬಡಿತಕ್ಕೂ ಬೆಂಚಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಅದು ದೊಡ್ಡಪ್ಪ ಹಾಕಿಕೊಟ್ಟ ಕಟ್ಟಳೆ. ಮಾಮನಿಗೂ ಗೊತ್ತಿತ್ತು. ಹೊರಡುವಾಗ ನಗುತ್ತಾ ಕೇಳಿದ್ದ, "ಎಣಿಸಿದ್ಯೇನಪ್ಪಾ?"

"ಓಹೋ, ಎಣಿಸಿದೆ ಮಾಮ."

ಎಣಿಸಿದ್ದು ಮೂರೇ. ಊಟಕ್ಕೆ ಹೊತ್ತಾಗಿತ್ತು.

ಅಣ್ಣ ಸೀಮೆಸುಣ್ಣ ತಗೊಂಡ. ಈ ಸಲ ಮೊದಲಿಂದ, ಬಲವಾಗಿ. ಸರ್ರ್... ಟಕ್. ಒಂದು ಗೆರೆ. ಸರ್ರ್... ಟಕ್. ಎರಡು. ಆರು ಗೆರೆ ಆಯಿತು, ಏನೂ ಇಲ್ಲ. ಏಳನೆಯದು...

ಸರ್ರ್... ಟಕ್... ಟಿಕ್.

ಪಿನ್ನು ತಾನಾಗೇ ಬಿದ್ದಿತ್ತು. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ಏಳನೇ ಗೆರೆ ಎಳೆದು ಸೀಮೆಸುಣ್ಣ ಕೆಳಗಿಟ್ಟ.

ಮುಂದಿನದು ಹೇಳೋಕೆ ನಾಚಿಕೆ, ಆದರೂ ಅವನೇ ಒಪ್ಪಿಕೊಂಡದ್ದು. ಕೈ ಹೊಸ ಟ್ರಿಗರ್ ಇದ್ದ ಡಬ್ಬಿಗೆ ಹೋಯಿತು. ಈಗಲೇ ಬದಲಾಯಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಮುಚ್ಚಳ ತೆಗೆದ. ಬೆನ್ನ ಹಿಂದೆ...

"ಎಣಿಸಿದ್ಯೇನಪ್ಪಾ?"

ಬೈದ ಹಾಗಲ್ಲ. ಅದೇ ನಗು. ಅದನ್ನೇ ತಡೆಯಲಾಗಲಿಲ್ಲ ಅಣ್ಣನಿಗೆ.

"ಇಲ್ಲ ಮಾಮ... ಮೂರೇ" ಅಂದ, ತಿರುಗದೆ. ಗಳಗಳ ಅತ್ತುಬಿಟ್ಟ.

ಬೆಳಗ್ಗೆ ಅಂಗಡಿಗೆ ಬೀಗ ಹಾಕಿ, ಕೋವಿ ಹೊತ್ತು ಅತ್ತೆಯ ಮನೆಗೆ ಹೋದ. ಮಾಮನ ತಮ್ಮನನ್ನೂ ಕರೆಸಿದ. ಅವನು ಅಂಗಳದಲ್ಲೇ ನಿಂತ. ಕೋವಿ ಖಾಲಿ ಇದೆ ಅಂತ ಇಬ್ಬರಿಗೂ ತೋರಿಸಿ, ಅಣ್ಣ ಬೋಲ್ಟ್ ಬಡಿಯುತ್ತಾ ಹೋದ. ಐದನೆಯದಕ್ಕೇ... ಟಿಕ್.

"ತಪ್ಪು ಇವನದಲ್ಲ ಅತ್ತೆ, ನಂದು. ಎಣಿಸಿದೆ ಅಂತ ಮಾಮನಿಗೆ ಸುಳ್ಳು ಹೇಳಿದ್ದೆ."

ಅತ್ತೆ ಅಣ್ಣನ ಮುಖ ನೋಡಲಿಲ್ಲ. ಮೈದುನನ ಕಡೆ ತಿರುಗಿ, "ಒಳಗೆ ಬಾರೋ, ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿರ್ತೀಯ" ಅಂದರು. ಅಣ್ಣನಿಗೆ ಬಾ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ವಾಪಸ್ ಬಂದು ಬೀಗ ತೆಗೆದ. ಬೀಗದ ಕೈ ಒಂದೇ, ಅವನ ಜೇಬಿನಲ್ಲೇ ಇದ್ದದ್ದು. ರಾತ್ರಿ ಬೆಂಚಿನ ಮೇಲೆ ಎಳೆದದ್ದು ಏಳು ಗೆರೆ. ಈಗ ಹತ್ತು ಇದ್ದವು.

ಅವನ ತಲೆ ಕೆಟ್ಟಿದೆ ಅಂದುಕೊಂಡು ನಾನೇ ಒದ್ದೆ ಬಟ್ಟೆ ತಗೊಂಡು ಒರೆಸಿದೆ... ಅಣ್ಣ ಎಳೆದ ಏಳು ಗೆರೆ ಹೋದವು. ಕೊನೆಯ ಮೂರು ಇನ್ನೂ ಹಾಗೇ ಇವೆ. ಒರೆಸಿದ್ದು ನಾನು ಕಣ್ರೀ, ಸುಳ್ಳು ಯಾಕೆ ಹೇಳಲಿ?