ಬೆನ್ನಿನ ಕಣ್ಣು

...ಅದನ್ನು ಆಮೇಲೆ ಕೇಳು ಮಗಳೇ, ಮೊದಲು ಕೂತುಕೋ. ಬಂದ ಬಾಗಿಲಲ್ಲೇ ನಿಂತು ‘ಚಿಕ್ಕಪ್ಪ, ಆವತ್ತು ಫೈನಲ್‌ನಲ್ಲಿ ಅಪ್ಪನಿಗೆ ಯಾಕೆ ಚೆಂಡು ಕೊಡಲಿಲ್ಲ’ ಅಂದರೆ ನಾನೇನು ಹೇಳಲಿ? ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆ, ಇನ್ನು ಅರ್ಧ ಗಂಟೆ ಇರಲಿ. ಆ ಬೆಂಚು ಗಟ್ಟಿಯಾಗಿದೆ, ಹೆದರಬೇಡ. ನಿನ್ನಪ್ಪನನ್ನೇ ಹೊತ್ತ ಬೆಂಚು.

ಹೆಜ್ಜೆ ಸದ್ದೇ ಇಲ್ಲವಲ್ಲ, ಶೂ ಬಿಚ್ಚಿದೆಯಾ? ಯಾಕೆ ಬಿಚ್ಚಿದೆ? ಇದೇನು ನೆಂಟರ ಮನೆಯಾ? ಹಾಕಿಕೋ, ಹಾಕಿಕೋ... ನೆಲಕ್ಕೆ ಹೊಸ ಪಾಲಿಶ್ ಮಾಡಿದಾರಾ? ಮಾಡಲಿ ಬಿಡು. ಅಂಕಣದ ನೆಲ ಇರೋದೇ ಶೂ ಕೀಚಲು ದನಿ ತೆಗೆಯೋದಕ್ಕೆ. ಸರಿ, ಬೇಡ ಅಂದರೆ ಬೇಡ. ಹಟ ಅಪ್ಪನದು, ಶಿಸ್ತು ಅಮ್ಮನದು, ನಾನು ಯಾರನ್ನು ದೂರಲಿ.

ಮೊದಲು ಸಂತೋಷದ ವಿಷಯ ಮಾತಾಡೋಣ. ನಿಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗ್ತೀರಾ ಅಂತ ಕೇಳಿಕೊಂಡು ಬಾ ಅಂದರಂತೆ ಮೇಲಿನವರು. ಆಗ್ತೀನಿ. ನೋಡು, ಯೋಚನೆ ಮಾಡಿ ಹೇಳ್ತೀನಿ ಅನ್ನೋ ನಾಟಕವೆಲ್ಲ ನನ್ನ ಹತ್ತಿರ ಇಲ್ಲ. ದಿನಾ ಬೆಳಗ್ಗೆ ಈ ಖಾಲಿ ಅಂಕಣಕ್ಕೆ ಬಂದು ಒಬ್ಬನೇ ಚೆಂಡು ಪುಟಿಸಿಕೊಂಡು ಕೂತಿರೋ ಮುದುಕನಿಗೆ ಬೇರೇನು ಬೇಕು? ನೀನು ಕ್ಯಾಪ್ಟನ್, ನೀನು ಹೂಂ ಅಂದರೆ ಅವರೂ ಹೂಂ ಅಂತಾರೆ. ಅಷ್ಟು ಗೊತ್ತು ನನಗೆ. ನಿನ್ನ ಹೂಂ ಯಾವುದರ ಮೇಲೆ ನಿಂತಿದೆ ಅನ್ನೋದೂ ಗೊತ್ತು.

ಹತ್ತೊಂಬತ್ತಕ್ಕೆ ದೇಶದ ಜೆರ್ಸಿ ತೊಟ್ಟವನು ಕಣೇ ನಾನು, ಬಿಚ್ಚಿದ್ದು ನಲವತ್ತು ದಾಟಿದ ಮೇಲೆ. ಎಷ್ಟು ದೇಶ ನೋಡಿದಿರಿ ಅಂತ ಕೇಳ್ತಾರೆ. ಎಲ್ಲಿ ನೋಡಿದೆ? ವಿಮಾನ ನಿಲ್ದಾಣ, ಬಸ್ಸು, ಹೋಟೆಲು, ಅಂಕಣ, ಮತ್ತೆ ಬಸ್ಸು. ಯಾವ ಊರಿನ ನದಿ ಯಾವ ಬಣ್ಣವೋ ದೇವರಿಗೇ ಗೊತ್ತು. ಆದರೆ ಯಾವ ಊರಿನ ಅಂಕಣದಲ್ಲಿ ಯಾವ ಹಲಗೆ ಟೊಳ್ಳು ಅಂತ ಕೇಳು, ಈಗಲೂ ಹೇಳ್ತೀನಿ. ಚೆಂಡು ಪುಟಿಸಿದರೆ ನೆಲವೇ ಹೇಳಿಬಿಡುತ್ತೆ.

ನಾನು ಚೆಂಡು ಹಂಚುವವನು, ನಿನ್ನಪ್ಪ ಬುಟ್ಟಿಯ ಕೆಳಗೆ ನಿಲ್ಲುವವನು. ಒಂಟೆ. ನಾನೇ ಇಟ್ಟ ಹೆಸರು, ಕತ್ತು ನೋಡಿದರೆ ಬೇರೆ ಹೆಸರು ಇಡೋಕೆ ಮನಸ್ಸು ಬರ್ತಿರಲಿಲ್ಲ. ನನಗೆ ಪತ್ರಿಕೆಯವರು ಇಟ್ಟರು, ‘ಬೆನ್ನಿನಲ್ಲಿ ಕಣ್ಣಿರುವವನು’ ಅಂತ. ನಾನು ಆ ಕಡೆ ನೋಡ್ತಾ ಈ ಕಡೆ ಎಸೀತಿದ್ದೆ. ತಲೆ ತಿರುಗಿಸ್ತಿರಲಿಲ್ಲ, ಕಣ್ಣು ಹೊರಳಿಸ್ತಿರಲಿಲ್ಲ, ಚೆಂಡು ಹೋಗಿ ಒಂಟೆಯ ಕೈಯಲ್ಲಿ ಕೂತಿರ್ತಿತ್ತು. ವಯಸ್ಸಾದ ಹಾಗೆ ಆಟ ಇನ್ನೂ ಧೈರ್ಯದ್ದಾಯಿತು ಅಂತ ಬರೆದರು. ‘ಈಗೀಗ ಅವರು ನೋಡುವುದೇ ಇಲ್ಲ.’ ಹಾಗಂತಲೇ ಬರೆದಿದ್ದರು. ನಿನ್ನಪ್ಪ ಓದಿ ಹೇಳಿ ನಕ್ಕಿದ್ದೇ ನಕ್ಕಿದ್ದು.

ಅಗೋ, ಆ ಗೋಡೆ ಮೇಲೆ, ಬಲಗಡೆಯಿಂದ ಎರಡನೇ ಫೋಟೋ ನೋಡು. ನಾವು ಅಂಕಣಕ್ಕೆ ಇಳೀತಿರೋದು. ಮುಂದೆ ನಿನ್ನಪ್ಪ, ಹಿಂದೆ ಅವನ ಭುಜದ ಮೇಲೆ ಕೈಯಿಟ್ಟುಕೊಂಡು ನಾನು... ಯಾಕೆ ನಗ್ತೀಯ? ಏನಿದೆ ಅಲ್ಲಿ? ಟೇಬಲ್ ಟೆನಿಸ್ ಹುಡುಗಿಯರಾ? ಅಯ್ಯೋ ಹೌದಲ್ಲ, ಸುಣ್ಣ ಬಳಿದವರು ಅದಲುಬದಲು ನೇತುಹಾಕಿಬಿಟ್ಟಿದಾರೆ. ನೋಡಿದ್ದೆ ಆವತ್ತೇ, ಮರೆತೆ. ವಯಸ್ಸು.

ಆ ಭುಜದ ಮೇಲಿನ ಕೈ ಎಷ್ಟು ದೂರ ಹೋಯಿತು ಗೊತ್ತಾ? ಅದು ನಮ್ಮ ಶಕುನ ಅಂದುಕೊಂಡರು ಜನ. ನಮ್ಮ ತಂಡದ ಉಳಿದವರೂ ಸಾಲಾಗಿ ಮುಂದಿನವನ ಭುಜ ಹಿಡಿದು ಇಳಿಯೋಕೆ ಶುರು ಮಾಡಿದರು. ಎದುರಾಳಿಗಳು ಕಲಿತರು, ಶಾಲೆ ಮಕ್ಕಳು ಕಲಿತರು. ನಿಮ್ಮ ತಂಡವೂ ಹಾಗೇ ಇಳಿಯುತ್ತಂತಲ್ಲ? ನೋಡು ಮತ್ತೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳದೇ ಇರೋದೇ ಒಳ್ಳೆಯದು ಬಿಡು, ಕೇಳಿದರೆ ಶಕುನ ಕೆಡುತ್ತೆ.

ಶುರುವಾಗಿದ್ದು ಹೇಗೆ ಅಂದರೆ... ಯಾವುದೋ ವಿಮಾನ ನಿಲ್ದಾಣ. ಪಕ್ಕದಲ್ಲಿ ಬಂದ ಸಾಮಾನಿನ ಗಾಡಿಗೆ ಢಿಕ್ಕಿ ಹೊಡೆದು ದಬಕ್ಕನೆ ಬಿದ್ದೆ. ಇಡೀ ತಂಡ ನಕ್ಕಿತು, ನಿನ್ನಪ್ಪನೂ ನಕ್ಕ. ಎದ್ದವನು ಎರಡು ಹೆಜ್ಜೆ ಹಾಕಿ ಇನ್ನೊಂದು ಗಾಡಿಗೆ ಢಿಕ್ಕಿ. ತಂಡ ಇನ್ನೂ ಜೋರಾಗಿ ನಕ್ಕಿತು. ನಿನ್ನಪ್ಪ ನಗಲಿಲ್ಲ. ಬಂದು ನನ್ನ ಕೈ ತಗೊಂಡು ತನ್ನ ಭುಜದ ಮೇಲಿಟ್ಟುಕೊಂಡ. ‘ನಡೀಯಪ್ಪ ಮಹಾರಾಯ’ ಅಂದ. ಅಷ್ಟೇ. ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಲೇ ಇಲ್ಲ.

ಯಾಕೆ, ನೀನು ನಗಲಿಲ್ಲವಲ್ಲ? ನಿದ್ದೆಗಣ್ಣಲ್ಲಿ ಬಿದ್ದಿದ್ದು ಕಣೇ, ರಾತ್ರಿಯಿಡೀ ಪ್ರಯಾಣ. ನಗು, ನಗೋ ಕತೆ ಅದು.

ಅದೇ ಪಂದ್ಯಾವಳಿಯಿಂದ ನಿನ್ನಪ್ಪ ಲೊಚಗುಟ್ಟೋ ಚಾಳಿ ಹತ್ತಿಸಿಕೊಂಡ. ಆಡುವಾಗ ನಾಲಿಗೆಯಲ್ಲಿ ಲೊಚ್, ಲೊಚ್ ಅಂತ, ಹಲ್ಲಿಯ ಹಾಗೆ. ತಮ್ಮನ್ನು ನೋಡಿ ಅಯ್ಯೋ ಪಾಪ ಅಂತಿದಾನೆ ಅಂದುಕೊಂಡು ಎದುರಾಳಿಗಳಿಗೆ ಮೈಯೆಲ್ಲ ಉರಿ. ಒಮ್ಮೆ ರೆಫರಿ ಕರೆದು ಬೈದರು. ನಿನ್ನಪ್ಪ ಬಾಯಿ ತೆರೆದು ತೋರಿಸಿದ, ‘ಸರ್, ಹಲ್ಲು ಅಲ್ಲಾಡ್ತಿದೆ’ ಅಂತ. ಮನೆಯಲ್ಲೂ ಲೊಚಗುಟ್ಟುತ್ತಿದ್ದನಾ? ನಿನ್ನಮ್ಮ ಬೈತಿದ್ದಳಾ? ಗೊತ್ತಿರಲಿಲ್ಲ. ಹಾಗಾದರೆ ಮನೆಯಲ್ಲೂ ಅಭ್ಯಾಸ ಮಾಡ್ತಿದ್ದ ಅಂತಾಯಿತು...

ಏನಿಲ್ಲ.

ಸರಿ, ಫೈನಲ್. ಬಿಡಲ್ಲ ನೀನು. ಕೊನೆಯ ಗಳಿಗೆ, ಒಂದು ಅಂಕ ಹಿಂದೆ, ಚೆಂಡು ನನ್ನ ಕೈಯಲ್ಲಿ. ನಿನ್ನಪ್ಪ ಬುಟ್ಟಿಯ ಎಡ ಮೂಲೆಯಲ್ಲಿ ಒಬ್ಬನೇ, ಎರಡೂ ಕೈ ಎತ್ತಿಕೊಂಡು. ಅವನ ಸುತ್ತ ಒಂದು ಆಳೂ ಇಲ್ಲ. ನೀನು ಟೀವಿ ಮುಂದೆ ಕೂತು ಅತ್ತೆಯಂತೆ. ನಾನು ಕೊಡಲಿಲ್ಲ. ಹಿಡಿದುಕೊಂಡೇ ನಿಂತೆ, ಸಮಯ ಮುಗಿಯಿತು. ಜಗಳ ಅಂದರು, ಹೊಟ್ಟೆಕಿಚ್ಚು ಅಂದರು, ಕೊನೆಯ ಪಂದ್ಯದಲ್ಲಿ ಹೆಸರು ಒಂಟೆಗೆ ಹೋಗುತ್ತೆ ಅಂತ ಹೀಗೆ ಮಾಡಿದ ಅಂದರು. ನಿನ್ನಪ್ಪ ಸಾಯೋವರೆಗೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ನಾನೂ ಆಡಲಿಲ್ಲ. ಅಷ್ಟು ಜನ ಎದ್ದು ನಿಂತು ಕಿರುಚುತ್ತಿದ್ದರಲ್ಲ ಮಗಳೇ, ಚಾವಣಿಯೇ ಕಿತ್ತುಹೋಗೋ ಹಾಗೆ... ಆ ಗದ್ದಲದಲ್ಲಿ ತಲೆ ಓಡಲಿಲ್ಲ. ಅಷ್ಟೇ ಉತ್ತರ. ಗದ್ದಲ.

ಸಾಲದಾ? ನಿನ್ನ ಉಸಿರು ಕೇಳಿದರೇ ಗೊತ್ತಾಗುತ್ತೆ, ಸಾಲದು.

ಅವನು ಹೋಗಿ ವರ್ಷವಾಯಿತು. ಇನ್ನೊಂದು ಮಾತು ಹೇಳ್ತೀನಿ, ಮುದುಕನಿಗೆ ಅರಳುಮರಳು ಅನ್ನಬೇಡ. ಬೆಳಗ್ಗೆ ಇಲ್ಲಿ ಒಬ್ಬನೇ ಇರುವಾಗ ಕೆಲವು ಸಲ ಆ ಮೂಲೆಯಿಂದ ಲೊಚ್ ಅನ್ನುತ್ತೆ. ಕೊಳಾಯಿ ಇರಬೇಕು ಅಂತ ಪ್ಲಂಬರ್‌ನನ್ನು ಕರೆಸಿದೆ. ಆ ಗೋಡೆಯಲ್ಲಿ ಕೊಳಾಯಿಯೇ ಇಲ್ಲ ಸಾರ್ ಅಂದ. ಹಲ್ಲಿ ಇರುತ್ತೆ ಅಂತ ಸುಮ್ಮನಾದೆ. ಆದರೆ ಆ ಕಡೆ ಚೆಂಡು ಮಾತ್ರ ಎಸೆದಿಲ್ಲ, ಒಂದು ದಿನವೂ ಎಸೆದಿಲ್ಲ. ಯಾಕೋ... ಆಗಲ್ಲ.

ಏನು ಬೇಕು? ಬೆನ್ನಿನ ಕಣ್ಣಿನ ಪಾಸ್ ತೋರಿಸಬೇಕಾ? ಈಗಲೇ? ಅದಕ್ಕೇನಂತೆ, ಕೋಚ್ ಆಗೋನು ತೋರಿಸದೇ ಇರ್ತೀನಾ. ಚೆಂಡು ಇಲ್ಲೇ ನನ್ನ ಕಾಲ ಹತ್ತಿರ ಇದೆ, ನೋಡು, ಸಿಕ್ಕಿತು. ನಾನು ಬೆನ್ನು ತಿರುಗಿಸಿ ನಿಲ್ತೀನಿ, ನೀನು ಎಲ್ಲಿ ಬೇಕಾದರೂ ಹೋಗಿ ನಿಲ್ಲು. ಶೂ ಹಾಕಿಕೋತೀಯಾ? ಬೇಡವಾ? ಸರಿ. ನಿಂತ ಮೇಲೆ, ತಮಾಷೆಗೆ, ಅಪ್ಪನ ಹಾಗೆ ಒಂದು ಸಲ ಲೊಚ್ ಅನ್ನು. ಸುಮ್ಮನೆ ಕಣೇ, ಅವನ ನೆನಪಿಗೆ.

ಹೋದೆಯಾ?

ನಿಂತೆಯಾ?

ಮಗಳೇ... ಹೂಂ ಅನ್ನು, ಸಾಕು. ಕೆಮ್ಮು. ಚಪ್ಪಾಳೆ ಹೊಡಿ. ಪರೀಕ್ಷೆ ಮಾಡ್ತಿದೀಯಾ ನನ್ನ? ಪಾಲಿಶ್ ಹಾಕಿದ ನೆಲ, ಬರಿಗಾಲು, ಹಾಳಾದ್ದು ಒಂದು ಹಲಗೆಯಾದರೂ ಕಿರ್ ಅನ್ನಬಾರದಾ? ಆವತ್ತು ಅಷ್ಟು ಗದ್ದಲ, ಇವತ್ತು ಇಷ್ಟು ಮೌನ. ಎರಡೂ ಒಂದೇ ಕಣೇ ನನಗೆ... ಏನೂ ಇಲ್ಲ, ಏನೋ ಅಂದೆ. ತಾಳು, ಎಸೀತೀನಿ. ಎಸೀತೀನಿ ಅಂದೆನಲ್ಲ, ತಾಳು.

ಹಾಂ, ಲೊಚ್ ಅಂದೆ. ಅಬ್ಬ, ಬದುಕಿದೆ. ಎಡ ಮೂಲೆ. ಅಪ್ಪನ ಜಾಗಕ್ಕೇ ಹೋಗಿ ನಿಂತೆಯಾ, ಕಳ್ಳಿ? ತಗೋ ಹಾಗಾದರೆ.

ನೋಡಿದೆಯಾ? ನೆಲಕ್ಕೆ ಬಿದ್ದ ಸದ್ದೇ ಇಲ್ಲ. ನೇರ ಕೈಗೆ. ಇನ್ನೂ ಇದೆ ಕಣೇ ನನ್ನಲ್ಲಿ, ಇನ್ನೂ ಇದೆ. ಈಗ ಹೇಳು, ಕೋಚ್ ಆಗಬಹುದಾ? ಯಾಕೆ ಮಾತಿಲ್ಲ? ಅಷ್ಟು ಚೆನ್ನಾಗಿತ್ತಾ?

ಇದೇನು... ಮುಖದ ಮೇಲೆ ಗಾಳಿ. ಆ ಕಡೆ, ಈ ಕಡೆ. ಕಣ್ಣ ಮುಂದೆ ಕೈಯಾಡಿಸ್ತಿದೀಯ, ಅಲ್ವಾ?

ಆಡಿಸಬೇಡ. ಕೈ ಇಳಿಸು. ಹೌದು.

ಅಳಬೇಡ. ಮೊದಲು ಪಕ್ಕಗಳು ಹೋದವು, ಕೊಳವೆಯಲ್ಲಿ ನೋಡಿದ ಹಾಗೆ. ಆಮೇಲೆ ಕೊಳವೆಯೂ... ನಿನ್ನಪ್ಪನಿಗೊಬ್ಬನಿಗೇ ಗೊತ್ತಿತ್ತು. ಆವತ್ತು ಅವನು ಲೊಚಗುಟ್ಟಿಯೇ ಇರ್ತಾನೆ, ಗಂಟಲು ಹರಿಯೋ ಹಾಗೆ ಕೂಗಿಯೇ ಇರ್ತಾನೆ. ನನಗೆ ಕೇಳಿಸಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಅದು.

ನನ್ನ ಕೈ ಯಾಕೆ ತಗೋತೀಯ... ನಿನ್ನ ಭುಜ ಇದು. ಅವನಷ್ಟೇ ಎತ್ತರ. ಸರಿ, ನಡಿ, ಮಹಾರಾಯ್ತಿ. ನಿಧಾನ.

ತಾಳು, ತಾಳು. ನೀನು ಇಲ್ಲಿ, ನನ್ನೆದುರಿಗೇ ಇದ್ದೆ. ಇಷ್ಟು ಹೊತ್ತೂ ಇಲ್ಲೇ ಇದ್ದೆಯಾ? ಆ ಮೂಲೆಗೆ ಹೋಗಲೇ ಇಲ್ಲವಾ?

ಮಗಳೇ, ಆ ಕಡೆ ತಿರುಗಿ ನೋಡಿ ಹೇಳು. ಚೆಂಡು ಎಲ್ಲಿದೆ?

ಯಾಕೆ, ಹೇಳು... ಯಾಕೆ ನಿನ್ನ ಭುಜ ನಡುಗ್ತಿದೆ?